ಬಾಂಬಿನ ಭಾನುವಾರ ಮತ್ತು ಇಂಗು ಬಿದ್ದ ಭರಣಿ

ಜಪಾನಿನಲ್ಲಿ ಎಲ್ಲದಕ್ಕೂ ಸರದಿ. ಕಸದ ಚೀಲಗಳನ್ನು ಕಾಗೆ ಕುಕ್ಕದಂತೆ ಬಲೆ ಹೊದಿಸುವುದಕ್ಕೆ ಸರದಿ, ಅಂಗಳದ ಹುಲ್ಲು ಕೀಳುವುದಕ್ಕೆ ಸರದಿ, ಸುತ್ತೋಲೆಯನ್ನು ಪಕ್ಕದ ಮನೆಗೆ ದಾಟಿಸುವುದಕ್ಕೂ ಸರದಿ. ಟೋಕಿಯೋದ ಕೋಟೋ ಎಂಬ ಭಾಗದಲ್ಲಿ, ಮುಗಿಲು ಮುಟ್ಟುವ ಹೊಸ ಕಟ್ಟಡಗಳ ನಡುವೆ ಇನ್ನೂ ಉಳಿದುಕೊಂಡಿರುವ ಐದು ಅಂತಸ್ತಿನ ಹಳೆಯ ವಸತಿಯಲ್ಲಿ ನಮ್ಮ ಮನೆ. ಲಿಫ್ಟ್ ಇಲ್ಲ. ಒಂದು ಮೆಟ್ಟಿಲಿಗೆ, ಅಂದರೆ ಕೆಳಗಿನಿಂದ ಮೇಲಿನವರೆಗಿನ ಒಂದು ಮೆಟ್ಟಿಲಸಾಲಿಗೆ, ಹತ್ತು ಮನೆ. ಆ ವರ್ಷ ನಮ್ಮ ಮೆಟ್ಟಿಲಿನ ಹತ್ತು ಮನೆಗಳ ಯಜಮಾನಿಕೆ ಸರದಿಯ ಪ್ರಕಾರ ನನ್ನ ತಲೆಗೆ ಬಂದಿತ್ತು. ನಾನು ಆಫೀಸಿನಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಕೆಲಸಕ್ಕೂ ಅದು ಅನುಕೂಲ. ಕಸದ ಬಲೆ ನೋಡಿಕೊಂಡು ಒಂದು ವರ್ಷ ಕಳೆದರಾಯಿತು ಅಂದುಕೊಂಡಿದ್ದೆ. ಬಾಂಬ್ ಕೂಡ ನನ್ನ ಸರದಿಯಲ್ಲೇ ಬರುತ್ತದೆಂದು ಯಾರೂ ಹೇಳಿರಲಿಲ್ಲ.

ಜೂನ್ ಮೊದಲ ವಾರ ಸುತ್ತೋಲೆ ಬಂತು. ಎರಡು ಬೀದಿ ಆಚೆ ಹೊಸ ಕಟ್ಟಡಕ್ಕೆ ಪಾಯ ತೋಡುವಾಗ ಒಂದು ಬಾಂಬ್ ಸಿಕ್ಕಿದೆ, ಅದು ಯುದ್ಧದ ಕಾಲದಲ್ಲಿ ವಿಮಾನದಿಂದ ಬಿದ್ದು ಸಿಡಿಯದೆ ಮಣ್ಣಿನಲ್ಲಿ ಹೂತುಹೋಗಿದ್ದದ್ದು, ಮೂರನೆಯ ಭಾನುವಾರ ಸೈನಿಕರು ಬಂದು ಅದನ್ನು ನಿಷ್ಕ್ರಿಯ ಮಾಡುತ್ತಾರೆ, ಸುತ್ತಲಿನವರೆಲ್ಲ ಬೆಳಗ್ಗೆ ಎಂಟರೊಳಗೆ ಮನೆ ಬಿಟ್ಟು ಪ್ರಾಥಮಿಕ ಶಾಲೆಯ ಆಟದ ಹಾಲ್‌ಗೆ ಹೋಗಬೇಕು. ತೊಂದರೆ ಕೊಡುತ್ತಿರುವುದಕ್ಕೆ ದಯವಿಟ್ಟು ಕ್ಷಮಿಸಿ. ಬಾಂಬ್ ಹಾಕಿದವರು ಕೇಳದ ಕ್ಷಮೆಯನ್ನು ಬಾಂಬ್ ಸಿಕ್ಕವರು ಕೇಳಿದ್ದರು. ಕೆಳಗೆ ಮೆಟ್ಟಿಲಿನ ಯಜಮಾನರಿಗೆ ಬೇರೆ ಸೂಚನೆ: ಹತ್ತೂ ಮನೆ ಖಾಲಿಯಾದ ಮೇಲೆ ಒಂದೊಂದು ಬಾಗಿಲಿಗೂ ಹಳದಿ ಬಟ್ಟೆ ಕಟ್ಟಿ ಸಹಿ ಹಾಕಬೇಕು. ಒಬ್ಬರು ಒಳಗೆ ಉಳಿದರೂ ಕೆಲಸ ಶುರುವಾಗುವುದಿಲ್ಲ, ಇಡೀ ಬಡಾವಣೆ ಕಾಯಬೇಕಾಗುತ್ತದೆ.

ಗಂಡ ಆ ವಾರ ಆಫೀಸಿನ ಕೆಲಸಕ್ಕೆ ಒಸಾಕಾಗೆ ಹೋಗುವುದಿತ್ತು. ಬಾಂಬಿನ ದಿನ ತಪ್ಪಿಸಿಕೊಳ್ಳಲು ಅವನೇ ಆ ಕೆಲಸ ಹುಡುಕಿಕೊಂಡ ಎಂದು ನನಗೆ ಇವತ್ತಿಗೂ ಗುಮಾನಿ. ಮನೆಯಲ್ಲಿ ಉಳಿದದ್ದು ನಾನು ಮತ್ತು ಮೂರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಬಂದಿದ್ದ ನನ್ನ ಅಮ್ಮ. ಸುತ್ತೋಲೆಯನ್ನು ಕನ್ನಡದಲ್ಲಿ ಓದಿ ಹೇಳಿದೆ. ಅಮ್ಮ ಸೊಪ್ಪು ಬಿಡಿಸುತ್ತಾ ಕೇಳಿಸಿಕೊಂಡಳು.

"ಎಂಬತ್ತು ವರ್ಷ ಅದರ ಪಾಡಿಗೆ ಮಲಗಿತ್ತಲ್ಲೇ. ಇವರ್ಯಾಕೆ ಸುಮ್ನಿರಲಾರದೆ ಮೈಮೇಲೆ ಇರುವೆ ಬಿಟ್ಕೊಂಡ್ರು?"

ಆಮೇಲೆ ದಿನಾಂಕ ಕೇಳಿ ಅವಳ ಮುಖ ಸಪ್ಪಗಾಯಿತು. ಭಯದಿಂದಲ್ಲ. ಸೂಪರ್‌ಮಾರ್ಕೆಟ್ಟಿನಲ್ಲಿ ಉಮೆ ಎಂಬ ಹಸಿರು ಹುಳಿಕಾಯಿ ಕಂಡದ್ದೇ ಅಮ್ಮನಿಗೆ ಮಾವಿನಮಿಡಿಯ ನೆನಪು ಬಂದಿತ್ತು. ಎರಡು ಕೆಜಿ ತಂದು ಉಪ್ಪು ಹಾಕಿಡುವವಳಿದ್ದಳು. ಉಪ್ಪು ನೀರು ಬಿಟ್ಟು, ಕಾಯಿ ಸುಕ್ಕುಗಟ್ಟಿ, ಸಾಸಿವೆ ಖಾರ ಬೆರೆಸುವ ಹದ ಅವಳ ಲೆಕ್ಕದಲ್ಲಿ ಸರಿಯಾಗಿ ಅದೇ ಭಾನುವಾರಕ್ಕೆ ಬೀಳುತ್ತಿತ್ತು. ಬಾಂಬಿನವರಿಗೆ ಫೋನ್ ಮಾಡಿ ಸೋಮವಾರ ಇಟ್ಟುಕೊಳ್ಳಲು ಹೇಳು ಅಂದಳು. ತಮಾಷೆಗೆ ಅಂದದ್ದಲ್ಲ.

ಈಗ ಎದುರು ಮನೆಯ ಅಜ್ಜಿಯ ವಿಷಯ ಹೇಳಬೇಕು. ಎರಡನೆಯ ಮಹಡಿಯಲ್ಲಿ ನಮ್ಮ ಬಾಗಿಲಿಗೆ ನೇರ ಎದುರು ಬಾಗಿಲು ಅವರದು. ತೊಂಬತ್ತಕ್ಕೆ ಒಂದೆರಡು ಕಡಿಮೆ, ಒಬ್ಬರೇ ಇರುತ್ತಾರೆ, ಬೆನ್ನು ಸ್ವಲ್ಪ ಬಾಗಿದೆ, ನಾಲಿಗೆ ಬಾಗಿಲ್ಲ. ನಾಲ್ಕು ವರ್ಷ ನಾವಿಬ್ಬರೂ ಮೆಟ್ಟಿಲ ಮೇಲೆ ತಲೆ ಬಗ್ಗಿಸಿ ಹವಾಮಾನದ ಬಗ್ಗೆ ಒಂದು ವಾಕ್ಯ ಆಡಿ ಸರಿದುಹೋಗುತ್ತಿದ್ದೆವು. ಅಮ್ಮ ಬಂದ ಮೂರನೆಯ ದಿನ ನಾನು ಆಫೀಸಿನಿಂದ ಬಂದರೆ ಅಮ್ಮ ಅವರ ಅಡುಗೆಮನೆಯಲ್ಲಿ ಕುಳಿತಿದ್ದಳು. ಒಬ್ಬರಿಗೆ ಜಪಾನೀ ಬಿಟ್ಟರೆ ಏನೂ ಬಾರದು, ಇನ್ನೊಬ್ಬಳಿಗೆ ಕನ್ನಡ ಮತ್ತು ಧನ್ಯವಾದ ಹೇಳುವ "ಅರಿಗಾತೋ" ಬಿಟ್ಟರೆ ಏನೂ ಬಾರದು. ನಡುವೆ ಒಂದು ಭರಣಿ ಇತ್ತು.

ಭರಣಿ ನೋಡಿಯೇ ಅಮ್ಮ ಒಳಗೆ ಹೋದದ್ದಂತೆ. ಕಂದು ಬಣ್ಣದ ಪಿಂಗಾಣಿ, ದಪ್ಪ ಕಂಠ, ನಮ್ಮ ಕಡೆ ಉಪ್ಪಿನಕಾಯಿ ಹಾಕುವಂಥದ್ದೇ. ಒಳಗಿದ್ದದ್ದು ಮಾತ್ರ ಬೇರೆ. ಅಕ್ಕಿಯ ತೌಡಿಗೆ ಉಪ್ಪು ನೀರು ಬೆರೆಸಿ ಹುಳಿ ಬರಿಸಿದ ಒದ್ದೆ ಮುದ್ದೆ. ಅದರೊಳಗೆ ಮೂಲಂಗಿ, ಸೌತೆಕಾಯಿ ಹೂತಿಟ್ಟು ಒಂದು ದಿನ ಬಿಟ್ಟು ತೆಗೆದರೆ ಅದೇ ಇವರ ಉಪ್ಪಿನಕಾಯಿ. ದನಕ್ಕೆ ಹಾಕುವ ತೌಡಿನಲ್ಲಿ ತರಕಾರಿ ಹೂಳುತ್ತಾರಲ್ಲ ಎಂದು ಅಮ್ಮ ಮೊದಲು ಕನಿಕರ ಪಟ್ಟಳು. ತಿಂದು ನೋಡಿದ ಮೇಲೆ, ಪರವಾಗಿಲ್ಲ, ಆದರೆ ಖಾರ ಹಾಕಲು ಮರೆತಿದ್ದಾರೆ ಅಂದಳು. ಅವಳಿಗೆ ತಡೆದುಕೊಳ್ಳಲಾಗದೆ ಹೋದದ್ದು ಇನ್ನೊಂದು ವಿಷಯ. ಆ ತೌಡನ್ನು ದಿನಾ ಬರಿಗೈಯಲ್ಲಿ ಬುಡದಿಂದ ತಿರುವಬೇಕಂತೆ. ಉಪ್ಪಿನಕಾಯಿ ಭರಣಿಗೆ ಕೈ ಹಾಕುವುದೆಂದರೆ ನಮ್ಮ ಮನೆಯಲ್ಲಿ ಮಹಾಪಾಪ. ಒದ್ದೆ ಚಮಚ ಹಾಕಿದ್ದಕ್ಕೆ ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ತಿಂದ ಬೈಗುಳ ಇನ್ನೂ ಕಿವಿಯಲ್ಲಿದೆ. ಅಜ್ಜಿ ಮೊಣಕೈವರೆಗೂ ತೋಳನ್ನು ಇಳಿಸಿ ತಿರುವುತ್ತಿದ್ದರೆ ಅಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಆದರೂ ದಿನಾ ಹೋಗುತ್ತಿದ್ದಳು.

ಅಮ್ಮ ಅವರನ್ನು ಅಕ್ಕ ಅನ್ನುತ್ತಿದ್ದಳು. ತಾನೇ ಅಜ್ಜಿಯಾಗುವ ವಯಸ್ಸಿನವಳು, ಇನ್ನೊಬ್ಬರನ್ನು ಅಜ್ಜಿ ಅಂದರೆ ತಾನು ಮೊಮ್ಮಗಳಾಗುವುದಿಲ್ಲವೇ ಎಂಬ ತರ್ಕ. ಮರ್ಯಾದೆಗಿರಲೆಂದು ಜಪಾನೀ "ಸಾನ್" ಸೇರಿಸಿ ಅದು ಅಕ್ಕಸಾನ್ ಆಯಿತು. ಹಾಗೆಂದರೇನು ಎಂದು ಅಜ್ಜಿ ಒಮ್ಮೆ ನನ್ನನ್ನು ಕೇಳಿದರು. ಹೇಳಿದೆ. ಅವರು, ಹಾಗೋ, ಅಂದರು. ಚಹಾ ಬಗ್ಗಿಸಿದರು.

ಬಾಂಬಿನ ಭಾನುವಾರ ಬೆಳಗ್ಗೆ ಏಳಕ್ಕೆ ಹಳದಿ ಬಟ್ಟೆಗಳ ಕಂತೆ ಹಿಡಿದು ಹೊರಟೆ. ಜಪಾನೀಯರು ಏಳಕ್ಕೆ ಅಂದರೆ ಆರೂಮುಕ್ಕಾಲಿಗೇ ಸಿದ್ಧ. ಎಂಟು ಮನೆ ಹತ್ತು ನಿಮಿಷದಲ್ಲಿ ಖಾಲಿಯಾದವು. ಉಳಿದವು ಎರಡು, ನನ್ನದು ಮತ್ತು ಅಜ್ಜಿಯದು. ನನ್ನ ಮನೆಯಲ್ಲಿ ಅಮ್ಮ ಪ್ಯಾಕ್ ಮಾಡುತ್ತಿದ್ದಳು. ಅಮೂಲ್ಯ ವಸ್ತುಗಳನ್ನು ತನ್ನಿ ಎಂದು ಸುತ್ತೋಲೆಯಲ್ಲಿತ್ತು. ಹಾಗಾಗಿ ಉಮೆಕಾಯಿಯ ಡಬ್ಬ, ಸಾಸಿವೆ ಪುಡಿ, ಮೆಣಸಿನ ಪುಡಿ, ಇಂಗಿನ ಡಬ್ಬಿ, ಹಿಂದಿನ ದಿನ ರುಬ್ಬಿದ ದೋಸೆ ಹಿಟ್ಟು, ಮೈಸೂರಿನಿಂದ ತಂದ ಗಣೇಶ. ನನ್ನ ಪಾಸ್‌ಪೋರ್ಟನ್ನು ನಾನೇ ನೆನಪಿಸಿಕೊಂಡು ಇಟ್ಟುಕೊಂಡೆ. ದೋಸೆ ಹಿಟ್ಟು ಏಕೆ ಎಂದು ಕೇಳಿದರೆ, ಬಾಂಬ್ ಸಿಡಿದರೆ ಇಷ್ಟು ಹಿಟ್ಟು ದಂಡ ಅಂದಳು.

ಅಜ್ಜಿ ಬಾಗಿಲು ತೆರೆದು ಮೂರು ಸಲ ತಲೆ ಬಗ್ಗಿಸಿ, ತಾವು ಬರುವುದಿಲ್ಲ ಅಂದರು. ನನ್ನ ಹೆಸರಿನ ಮುಂದೆ ಸಹಿ ಹಾಕಿಬಿಡಿ, ನಾನು ಪರದೆ ಎಳೆದುಕೊಂಡು ಶಬ್ದ ಮಾಡದೆ ಇರುತ್ತೇನೆ, ಅಂದರು. ಕಾರಣ ಕೇಳಿದೆ. ಒಳಗೆ ಕರೆದುಕೊಂಡು ಹೋಗಿ ಭರಣಿ ತೋರಿಸಿದರು. ಅದು ಅವರ ಅಮ್ಮನದು. ಯುದ್ಧದ ಕೊನೆಯ ಚಳಿಗಾಲದಲ್ಲಿ ಇದೇ ಕೋಟೋದಲ್ಲಿ ಅವರಿಗೆ ಎಂಟು ವರ್ಷ. ಬಾಂಬ್ ಬೀಳುತ್ತದೆಂದು ಅವರ ಅಮ್ಮ ಹಿತ್ತಲಲ್ಲಿ ಗುಂಡಿ ತೋಡಿ ಭರಣಿಯನ್ನು ಹೂತಿಟ್ಟಿದ್ದರು. ದಿನಾ ಮುಚ್ಚಳದ ಮೇಲಿನ ಮಣ್ಣು ಸರಿಸಿ, ಕೈ ಹಾಕಿ ತಿರುವಿ, ಮತ್ತೆ ಮುಚ್ಚುವುದು. ಮನೆ ಸುಟ್ಟುಹೋಯಿತು, ಭರಣಿ ಉಳಿಯಿತು. ಅಲ್ಲಿಂದ ಈವರೆಗೆ ಒಂದು ದಿನವೂ ಅದಕ್ಕೆ ಕೈ ಹಾಕುವುದು ತಪ್ಪಿಲ್ಲ. ಇವತ್ತು ಸೆಖೆ ಬೇರೆ, ಮೂರು ಸಲ ತಿರುವದಿದ್ದರೆ ಕೆಟ್ಟೇಹೋಗುತ್ತದೆ.

ತಂದುಬಿಡಿ ಮತ್ತೆ, ಅಂದೆ. ಅಜ್ಜಿ ನಾನು ಏನೋ ಅಶ್ಲೀಲ ಮಾತಾಡಿದಂತೆ ನೋಡಿದರು. ಅಷ್ಟು ಜನ ಕೂತಿರುವ ಹಾಲ್‌ಗೆ ಈ ವಾಸನೆ ತೆಗೆದುಕೊಂಡು ಹೋಗಿ ಎಲ್ಲರಿಗೂ ತೊಂದರೆ ಕೊಡುವುದೇ? ಅದಕ್ಕಿಂತ ಬಾಂಬಿನ ಪಕ್ಕದಲ್ಲಿರುವುದು ವಾಸಿ. ಈ ದೇಶದಲ್ಲಿ ಜನ ಸಾಯಲು ಹೆದರದಿರಬಹುದು, ಪಕ್ಕದವರಿಗೆ ತೊಂದರೆಯಾಗುತ್ತದೆ ಅಂದರೆ ಮಾತ್ರ ನಡುಗುತ್ತಾರೆ. ಸಮಯ ಏಳೂವರೆ. ನನ್ನ ಜಪಾನೀ ಭಾಷೆ ಮೀಟಿಂಗುಗಳಿಗೆ ಸಾಕು, ಹಟಮಾರಿ ಅಜ್ಜಿಯರಿಗೆ ಸಾಲದು. ಇವರೊಬ್ಬರಿಗೋಸ್ಕರ ಇಡೀ ಬಡಾವಣೆ ಕಾಯುವುದು, ನನ್ನ ಸಹಿಯ ಜಾಗ ಖಾಲಿ ಉಳಿಯುವುದು ಕಣ್ಣ ಮುಂದೆ ಬಂದು ತಲೆ ಕೆಟ್ಟಿತು.

ಅಷ್ಟರಲ್ಲಿ ಅಮ್ಮ ಚೀಲಗಳ ಸಮೇತ ಬಂದು ಏನು ಗಲಾಟೆ ಅಂದಳು. ಹೇಳಿದೆ. ಅವಳು ದೋಸೆ ಹಿಟ್ಟಿನ ಡಬ್ಬದ ಮುಚ್ಚಳ ತೆಗೆದು ಅಜ್ಜಿಯ ಮೂಗಿನ ಹತ್ತಿರ ಹಿಡಿದಳು. ಆಮೇಲೆ ಉಮೆಕಾಯಿ. ಆಮೇಲೆ, ಕೊನೆಯ ಅಸ್ತ್ರವಾಗಿ, ಇಂಗಿನ ಡಬ್ಬಿ. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು.

"ಹೇಳು ಅವರಿಗೆ," ಅಂದಳು ಅಮ್ಮ. "ನಾವಿಬ್ರು ಪಕ್ಕದಲ್ಲಿ ಕೂತಿರ್ತೀವಿ. ನಮ್ಮ ಮುಂದೆ ನಿಮ್ಮ ವಾಸನೆ ಯಾರಿಗೆ ತಿಳಿಯತ್ತೆ ಅನ್ನು."

ನಾನು ಅದನ್ನು ಅತ್ಯಂತ ಗೌರವದ ಜಪಾನೀ ಭಾಷೆಗೆ ತಿರುಗಿಸಿದೆ. ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು, ಆಮೇಲೆ ಕೈ ತೆಗೆದು ನಕ್ಕರು, ಆಮೇಲೆ ಚಪ್ಪಲಿ ಹಾಕಿಕೊಂಡರು.

ಭರಣಿಯನ್ನು ಎರಡು ಮಹಡಿ ಇಳಿಸಿದವಳು ನಾನು. ಅದರ ತೂಕ ನನ್ನ ಸೊಂಟಕ್ಕೆ ಇನ್ನೂ ನೆನಪಿದೆ. ಕೆಳಗೆ ಅಜ್ಜಿ ಬಜಾರಿಗೆ ತಳ್ಳಿಕೊಂಡು ಹೋಗುವ ನಾಲ್ಕು ಚಕ್ರದ ಕೈಗಾಡಿಯ ಮೇಲಿಟ್ಟು ಅಮ್ಮನ ಹಳೆಯ ಸೀರೆಯಲ್ಲಿ ಬಿಗಿದು ಕಟ್ಟಿದೆವು. ಖಾಲಿ ಬೀದಿ, ಮುಂದೆ ಸೀರೆಯುಟ್ಟ ಭರಣಿ, ಅದನ್ನು ತಳ್ಳುವ ಅಜ್ಜಿ, ಪಕ್ಕದಲ್ಲಿ ಗಣೇಶನನ್ನು ಎದೆಗವಚಿಕೊಂಡ ಅಮ್ಮ, ಹಿಂದೆ ಹಿಟ್ಟಿನ ಡಬ್ಬ ಹೊತ್ತ ನಾನು. ಮದುಮಗಳನ್ನು ಮನೆ ತುಂಬಿಸಿಕೊಳ್ಳಲು ಹೊರಟ ದಿಬ್ಬಣದ ಹಾಗಿತ್ತು. ಅಡ್ಡರಸ್ತೆಯಲ್ಲಿ ನಿಂತಿದ್ದ ಪೊಲೀಸರು ನಮಗೆ ಸೆಲ್ಯೂಟ್ ಹೊಡೆದರು. ಭರಣಿಗೋ ಗಣೇಶನಿಗೋ ಗೊತ್ತಾಗಲಿಲ್ಲ.

ಹಾಲ್‌ನಲ್ಲಿ ನೀಲಿ ತಾಡಪಾಲು ಹಾಸಿ ಕಟ್ಟಡದ ಪ್ರಕಾರ ಚೌಕ ಗುರುತು ಮಾಡಿದ್ದರು. ಹಳದಿ ಜಾಕೆಟ್ಟಿನ ಅಧಿಕಾರಿಯೊಬ್ಬರು, ನಿವೃತ್ತಿಗೆ ಹತ್ತಿರದವರು, ನಮ್ಮ ಹೆಸರು ಬರೆದುಕೊಂಡರು. ಭರಣಿ ನೋಡಿ ಇದೇನೆಂದು ಕೇಳಿದರು. ಅಜ್ಜಿ ಮುಖ ಕೆಂಪಾಗಿ ನೆಲ ನೋಡುತ್ತಿದ್ದರು. ಕುಟುಂಬದ ಹಿರಿಯ ಸದಸ್ಯೆ ಎಂದು ನಾನು ಹೇಳಿದೆ. ಆ ದಿನ ನಾನು ಆಡಿದ ಒಳ್ಳೆಯ ಮಾತು ಅದೊಂದೇ. ಅವರು ನಗದೆ, ದಯವಿಟ್ಟು ಆರಾಮವಾಗಿ ಕೂರಿಸಿ, ಅಂದರು.

ಹತ್ತು ಗಂಟೆಗೆ ಕೆಲಸ ಶುರುವಾಯಿತೆಂದು ಧ್ವನಿವರ್ಧಕ ಹೇಳಿತು. ಹಾಲ್ ಇಡೀ ಗಂಭೀರವಾಯಿತು. ಅಜ್ಜಿ ಮಡಿಲಲ್ಲಿ ಕೈಯಿಟ್ಟುಕೊಂಡು ನೆಟ್ಟಗೆ ಕುಳಿತರು. ಅಮ್ಮ ಅವರಿಗೆ ಧೈರ್ಯ ಹೇಳಬೇಕೆಂದು ತನ್ನ ಯುದ್ಧದ ಕಥೆ ತೆಗೆದಳು. ಅವಳು ಹುಡುಗಿಯಾಗಿದ್ದಾಗ ನಮ್ಮ ದೇಶದಲ್ಲೂ ಯುದ್ಧ ನಡೆದು, ಬೆಂಗಳೂರಿನಲ್ಲಿ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿದ್ದರು. ಸೈರನ್ ಆದರೆ ದೀಪ ಆರಿಸಿ ಮಂಚದ ಕೆಳಗೆ. ಶಾಲೆಯ ಮೈದಾನದಲ್ಲಿ ಜನ ಅವಿತುಕೊಳ್ಳಲು ಕಂದಕ ತೋಡಿದ್ದರು. ಒಂದು ಸಂಜೆ ಅವಳ ಸೋದರಮಾವ, ಶತ್ರು ವಿಮಾನ ಬಂತೇನೋ ಎಂದು ಆಕಾಶ ನೋಡಿಕೊಂಡು ನಡೆಯುತ್ತಾ ಆ ಕಂದಕಕ್ಕೇ ಬಿದ್ದು ಕಾಲು ಮುರಿದುಕೊಂಡರು. ವಿಮಾನ ಬರಲೇ ಇಲ್ಲ. ಇಡೀ ಯುದ್ಧದಲ್ಲಿ ನಮ್ಮ ಮನೆಯ ಕಡೆಯಿಂದ ಗಾಯಗೊಂಡವರು ಅವರೊಬ್ಬರೇ, ಅದನ್ನು ಅವರು ಸಾಯುವವರೆಗೂ ಹೆಮ್ಮೆಯಿಂದ ಹೇಳಿಕೊಂಡರು. ನಾನು ಭಾಷಾಂತರಿಸಿದೆ, ನಾಚಿಕೆಯಿಂದ. ಎಲ್ಲಿ ಇವರ ಬೆಂಕಿ, ಎಲ್ಲಿ ನಮ್ಮ ಕಂದಕ.

ಅಜ್ಜಿ ಗಂಭೀರವಾಗಿ, ಕಾಲು ಸರಿಹೋಯಿತೇ ಎಂದು ಕೇಳಿದರು. ಆಮೇಲೆ ತಮ್ಮದನ್ನೂ ಹೇಳಿದರು. ಅವರ ಬೀದಿಯ ಹೆಂಗಸರಿಗೆ ಬಕೆಟ್ಟಿನ ಕವಾಯತು ಇತ್ತಂತೆ. ಸಾಲಾಗಿ ನಿಂತು ಕೈಯಿಂದ ಕೈಗೆ ನೀರು ದಾಟಿಸುವುದು, ಬಿದಿರಿನ ಕೋಲಿಗೆ ಒದ್ದೆ ಹಗ್ಗ ಕಟ್ಟಿ ಬೆಂಕಿಯನ್ನು ಹೊಡೆಯುವುದು. ವಾರಾ ವಾರಾ ಅಭ್ಯಾಸ, ಅದಕ್ಕೂ ಸರದಿ. ತಡವಾಗಿ ಬಂದವರಿಗೆ ಬೀದಿಯ ಮುಖಂಡ ಎಲ್ಲರೆದುರು ಬೈಯುತ್ತಿದ್ದ. ಎಂಟು ವರ್ಷದ ಹುಡುಗಿಗೆ ವಿಮಾನಕ್ಕಿಂತ ಆ ಮುಖಂಡನ ಭಯವೇ ಹೆಚ್ಚು. ಕೊನೆಗೆ ನಿಜವಾದ ಬೆಂಕಿ ಬಂದಾಗ ಬಕೆಟ್ ಹಿಡಿದೇ ಎಲ್ಲರಿಗಿಂತ ಮೊದಲು ಪರಾರಿಯಾದವನು ಅವನೇ ಎಂದು ಅಜ್ಜಿ ನಕ್ಕರು. ನಾವೂ ನಕ್ಕೆವು. ಬೆಂಕಿಯ ಬಗ್ಗೆ ಆಗ ಅವರು ಹೆಚ್ಚು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹನ್ನೊಂದಕ್ಕೆ ಏನೋ ಢಬ್ ಅಂದಿತು. ಹಾಲ್‌ನಲ್ಲಿ ಅರ್ಧ ಜನ ತಲೆ ಹಿಡಿದುಕೊಂಡು ಬಗ್ಗಿದರು. ದೋಸೆ ಹಿಟ್ಟಿನ ಡಬ್ಬದ ಮುಚ್ಚಳ ಹಾರಿತ್ತು. ಜೂನ್ ಸೆಖೆಗೆ ಉಕ್ಕಿದ ಹಿಟ್ಟು ಡಬ್ಬದಿಂದಿಳಿದು, ತಾಡಪಾಲು ದಾಟಿ, ಶಾಲೆಯ ಹೊಳೆಯುವ ಮರದ ನೆಲದ ಮೇಲೆ ಬ್ಯಾಸ್ಕೆಟ್‌ಬಾಲ್ ಗೆರೆಯವರೆಗೂ ನಡೆದಿತ್ತು. ನಾನು ಸುಮಿಮಾಸೆನ್, ಸುಮಿಮಾಸೆನ್, ಕ್ಷಮಿಸಿ ಎಂದು ಎಲ್ಲ ದಿಕ್ಕಿಗೂ ತಲೆ ಬಗ್ಗಿಸಿದೆ. ನಾಲ್ಕು ಕಡೆಯಿಂದ ಟಿಶ್ಯೂ ಬಂತು, ಹಳದಿ ಜಾಕೆಟ್ಟು ಒರಸುವ ಕೋಲಿನೊಂದಿಗೆ ಬಂತು. ಅಮ್ಮ ಮಾತ್ರ ಹಿಟ್ಟು ಎಷ್ಟು ಚೆನ್ನಾಗಿ ಹುಳಿ ಬಂದಿದೆ ನೋಡು ಎಂದು ಖುಷಿಯಲ್ಲಿದ್ದಳು. ಅಜ್ಜಿ ಅಧಿಕಾರಿಯನ್ನು ಕರೆದು, ಒಂದನ್ನು ನೀವು ತೆಗೆಯುವ ಮೊದಲೇ ಇನ್ನೊಂದು ಸಿಡಿಯಿತಲ್ಲ, ಅಂದರು. ಆ ಮನುಷ್ಯ ಅಷ್ಟು ಹೊತ್ತು ಹಿಡಿದಿಟ್ಟುಕೊಂಡಿದ್ದ ನಗು ಆಗ ಹೊರಬಂತು.

ನಿಜವಾದ ಅನಾಹುತ ಊಟದ ಹೊತ್ತಿಗೆ ಆಯಿತು. ವಯಸ್ಸಾದವರಿಗೆ ರಕ್ತದೊತ್ತಡ ನೋಡುತ್ತೇವೆಂದು ನರ್ಸು ಅಜ್ಜಿಯನ್ನು ಕರೆದರು. ಅಜ್ಜಿ ಭರಣಿಯನ್ನೂ ಅಮ್ಮನನ್ನೂ ತೋರಿಸಿ, ನೋಡಿಕೊಳ್ಳಿ ಎಂದು ಸನ್ನೆ ಮಾಡಿ ಹೋದರು. ನಾನು ಹತ್ತು ಮನೆಗಳ ಫಾರಂ ತುಂಬಲು ಮುಂದಿನ ಮೇಜಿಗೆ ಹೋದೆ. ಹದಿನೈದು ನಿಮಿಷ ಆಗಿರಬಹುದು.

ತಿರುಗಿ ಬಂದರೆ ಅಮ್ಮನ ಮುಖದಲ್ಲಿ, ಪಕ್ಕದ ಮನೆಯ ಮಗುವಿನ ಜ್ವರ ಇಳಿಸಿದವಳ ತೃಪ್ತಿ. ಭರಣಿ ತೆರೆದಿತ್ತು. ಒಳಗೆ ತೌಡು ಅರಿಸಿನ ಕಲಸಿದ ಹಾಗೆ ಹಳದಿಯಾಗಿತ್ತು.

"ಮೇಲೆ ಬೂಷ್ಟು ಬಂದಿತ್ತು ಕಣೇ, ಬಿಳೀ ಪೊರೆ," ಅಂದಳು. "ದಿನಾ ಒದ್ದೆ ಕೈ ಹಾಕಿದ್ರೆ ಬರದೆ ಏನು ಮಾಡತ್ತೆ? ಸಾಸಿವೆ ಪುಡಿ ಹಾಕಿ ಸರಿ ಮಾಡಿದೀನಿ. ಸ್ವಲ್ಪ ಮೆಣಸಿನ ಪುಡಿ. ಇಂಗು."

"ಎಷ್ಟು ಇಂಗು?"

ಅವಳು ಡಬ್ಬಿ ತೋರಿಸಿದಳು. ಬೆಳಗ್ಗೆ ತುಂಬಿದ್ದ ಡಬ್ಬಿ ಈಗ ಅರ್ಧಕ್ಕೆ ಇಳಿದಿತ್ತು.

ಇಂಗು ತೆಂಗು ಇದ್ದರೆ ಮಂಗನೂ ಅಡುಗೆ ಮಾಡುತ್ತದೆ ಅನ್ನುತ್ತಾರೆ. ಆ ಗಾದೆ ಕಟ್ಟಿದವರು ಈ ಭರಣಿಯನ್ನು ನೋಡಿರಲಿಲ್ಲ. ಆಕಾಶದಿಂದ ಬಿದ್ದ ಬೆಂಕಿಗೆ ಜಗ್ಗದ ಭರಣಿ, ಎಂಬತ್ತು ವರ್ಷ ಒಂದು ದಿನ ತಪ್ಪದೆ ಕಾಯ್ದುಕೊಂಡು ಬಂದದ್ದು, ನನ್ನ ಅಮ್ಮನ ಕೈಗೆ ಹದಿನೈದು ನಿಮಿಷ ಸಿಕ್ಕಿತು. ನಾನು ಅವಳಿಗೆ ಬೈದೆ. ಸಣ್ಣ ದನಿಯಲ್ಲಿ, ಕನ್ನಡದಲ್ಲಿ, ಮುಖದಲ್ಲಿ ನಗು ಇಟ್ಟುಕೊಂಡು, ಏಕೆಂದರೆ ಸುತ್ತ ಜನ ಇದ್ದರು. ಇನ್ನೊಬ್ಬರ ಮನೆಯ ಭರಣಿಗೆ ಕೈ ಹಾಕುವ ಅಧಿಕಾರ ಯಾರು ಕೊಟ್ಟರು ಎಂದೆ. ಕೈ ಹಾಕಲಿಲ್ಲ, ಒಣ ಚಮಚದಲ್ಲೇ ತಿರುವಿದೆ ಅಂದಳು. ಆಮೇಲೆ ನನ್ನ ಮುಖ ನೋಡಿ ಅವಳಿಗೂ ಅರ್ಥವಾಗತೊಡಗಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಕುಳಿತಳು. ಅಮ್ಮ ಹಾಗೆ ಮಾಡುವುದನ್ನು ನಾನು ಅಪ್ಪನ ಆಸ್ಪತ್ರೆಯಲ್ಲಿ ಬಿಟ್ಟರೆ ಎಲ್ಲೂ ನೋಡಿರಲಿಲ್ಲ.

ಅಜ್ಜಿ ಬಂದರು. ಭರಣಿ ನೋಡಿದರು. ನಾನು ಆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, ಗೊತ್ತಿದ್ದ ಎಲ್ಲ ಬಗೆಯ ಕ್ಷಮೆಯನ್ನೂ ಕೇಳಿದೆ. ಅವರು ತೋಳು ಮೇಲೆ ಮಾಡಿ, ಕೈಯಿಳಿಸಿ, ಬುಡದಿಂದ ಒಂದು ಹಿಡಿ ತೌಡು ತೆಗೆದು ಮೂಸಿದರು. ಮೂಗು ಸುಕ್ಕುಗಟ್ಟಿತು. ತುದಿನಾಲಿಗೆಗೆ ಮುಟ್ಟಿಸಿದರು.

"ಬಿಳಿ ಪೊರೆ ಬಂದರೆ ನನ್ನ ಅಮ್ಮನೂ ಸಾಸಿವೆ ಹಾಕುತ್ತಿದ್ದಳು," ಅಂದರು ಕೊನೆಗೆ. "ಈ ಇನ್ನೊಂದು ಏನೆಂದು ನನಗೆ ಗೊತ್ತಿಲ್ಲ. ಬದುಕಿದೆಯೋ ಇಲ್ಲವೋ ನಾಳೆ ತಿಳಿಯುತ್ತದೆ."

ಆಮೇಲೆ ನಾವು ಮೂವರೂ ಹೊರಗಿನ ಬಾಂಬನ್ನು ಮರೆತೇಬಿಟ್ಟೆವು.

ನಾಲ್ಕೂಕಾಲಿಗೆ ಧ್ವನಿವರ್ಧಕ ಮತ್ತೆ ಮಾತಾಡಿತು. ಬಾಂಬ್ ನಿಷ್ಕ್ರಿಯವಾಗಿದೆ, ಎಲ್ಲರೂ ಮನೆಗೆ ಹೋಗಬಹುದು, ತೊಂದರೆಗಾಗಿ ಕ್ಷಮೆಯಿರಲಿ. ಜನ ಚಪ್ಪಾಳೆ ತಟ್ಟಿದರು, ತಾವು ಕೂತ ಜಾಗವನ್ನು ತಾವೇ ಗುಡಿಸಿ ಹೊರಟರು. ನಾನು ಭರಣಿಗೆ ಸೀರೆ ಬಿಗಿದು ಕೈಗಾಡಿಯನ್ನು ಬಾಗಿಲವರೆಗೆ ತರುವಷ್ಟರಲ್ಲಿ ಅಮ್ಮ ಗೋಡೆಯ ಗಡಿಯಾರ ನೋಡಿದಳು. ನಾಲ್ಕೂವರೆ. ಭಾನುವಾರ ನಾಲ್ಕೂವರೆಯಿಂದ ಆರು ರಾಹುಕಾಲ. ಈಗ ಹೊರಡುವ ಹಾಗಿಲ್ಲ. ಬೇರೆ ದಿನವಾಗಿದ್ದರೆ ಜಗಳವಾಡುತ್ತಿದ್ದೆ. ಜಪಾನಿನಲ್ಲಿ ರಾಹುಕಾಲ ಇಲ್ಲ ಎಂದು ಹಿಂದೆಯೂ ವಾದಿಸಿದ್ದೆ, ರಾಹುವಿಗೆ ವೀಸಾ ಬೇಕಾ ಎಂದು ಅವಳು ಕೇಳಿದ್ದಳು. ಇವತ್ತು ಅವಳ ದನಿಯೇ ಬೇರೆಯಿತ್ತು.

"ಬೆಳಿಗ್ಗೆ ಗಡಿಬಿಡೀಲಿ ಏನೂ ನೋಡದೆ ಹೊರಟ್ವಿ, ಹೀಗಾಯ್ತು. ಆ ಭರಣಿನ ಮತ್ತೆ ಕೆಟ್ಟ ಹೊತ್ತಲ್ಲಿ ಮನೆಗೆ ತಗೊಂಡ್ಹೋಗೋದು ಬೇಡ ಕಣೇ."

ಹಳದಿ ಜಾಕೆಟ್ಟಿನವರಿಗೆ ಹೇಳಬೇಕಾಯಿತು. ಮನೆ ಬಿಡದವರನ್ನು ಹೊರಡಿಸುವುದು ಹೇಗೆಂದು ಅವರಿಗೆ ತರಬೇತಿಯಾಗಿತ್ತು. ಮನೆಗೆ ಹೋಗದವರನ್ನು ಏನು ಮಾಡಬೇಕೆಂದು ಪುಸ್ತಕದಲ್ಲಿ ಇರಲಿಲ್ಲ. ಆಕಾಶದಲ್ಲಿ ಒಂದು ಗ್ರಹವಿದೆ, ಅದು ಆರು ಗಂಟೆಯವರೆಗೆ ಅಪಾಯಕಾರಿ ಎಂದೆ. ಆರಕ್ಕೆ ನಿಷ್ಕ್ರಿಯವಾಗುತ್ತದೆಯೇ ಎಂದು ಕೇಳಿದರು. ತಾನಾಗಿಯೇ, ಅಂದೆ. ತಮ್ಮ ಫಾರಂನಲ್ಲಿ ಕಾರಣದ ಕಾಲಂನಲ್ಲಿ "ಗ್ರಹ" ಎಂದು ಬರೆದುಕೊಂಡು, ಹಾಗಾದರೆ ಕಾಯೋಣ, ಅಂದರು. ಅಜ್ಜಿಯೂ ಹೋಗಲಿಲ್ಲ. ನೂರಾರು ಜನ ಕೂತಿದ್ದ ಹಾಲ್‌ನಲ್ಲಿ ಈಗ ನಾವು ಮೂವರು, ಒಂದು ಭರಣಿ, ದೂರದಲ್ಲಿ ಕುರ್ಚಿ ಮಡಚುತ್ತಿದ್ದ ಅಧಿಕಾರಿ.

ಅಮ್ಮ ಅಜ್ಜಿಯ ಮುಖ ನೋಡದೆ ಕೂತಿದ್ದಳು. ಉಮೆಗೆ ಖಾರ ಬೆರೆಸಲೂ ಇಲ್ಲ. ಅಜ್ಜಿಯೇ ಮಾತು ಶುರು ಮಾಡಿದರು, ನನ್ನ ಕಡೆ ತಿರುಗಿ, ನಿಧಾನವಾಗಿ, ನಾನು ಒಂದು ಪದವನ್ನೂ ಬಿಡದೆ ದಾಟಿಸಲೆಂದು.

ಆ ಭರಣಿಗೆ ಕೈ ಹಾಕುವುದು ಮಕ್ಕಳ ಕೆಲಸವಾಗಿತ್ತು. ಒಂದು ದಿನ ಅವರು, ಒಂದು ದಿನ ಅವರ ಅಕ್ಕ. ಅಕ್ಕನಿಗೆ ಹದಿಮೂರು. ಕೈ ವಾಸನೆ ಬರುತ್ತದೆಂದು ಇಬ್ಬರಿಗೂ ಇಷ್ಟವಿಲ್ಲ, ಇವತ್ತು ನಿನ್ನದು, ಇವತ್ತು ನಿನ್ನದು ಎಂದು ದಿನಾ ಜಗಳ. ಬೆಂಕಿ ಬಿದ್ದ ರಾತ್ರಿ ಅವರ ಅಮ್ಮ ಇವರ ಕೈ ಹಿಡಿದು ಕಾಲುವೆಯ ಕಡೆ ಓಡಿದರು. ಜನರ ನೂಕಾಟದಲ್ಲಿ ಅಕ್ಕ ಸೇತುವೆಯ ಕಡೆ ಹೋದಳು. ಬೆಳಗಾದ ಮೇಲೆ ತಾಯಿ ಮಗಳು ಹಿಂದೆ ಬಂದರೆ ಮನೆಯಿಲ್ಲ, ಬೀದಿಯೂ ಇಲ್ಲ. ಹಿತ್ತಲ ಮಣ್ಣು ಕೆದಕಿದರೆ ಭರಣಿ ಇತ್ತು. ಮೇಲಿನ ಮೂಲಂಗಿ ಬೆಂದುಹೋಗಿತ್ತು, ಕೆಳಗಿನದು ಚೆನ್ನಾಗಿತ್ತು. ಅದನ್ನೇ ತಿಂದರು. ಅಕ್ಕ ಬರಲಿಲ್ಲ. ಆ ದಿನ ಅಕ್ಕನ ಸರದಿ. ಅವಳು ಬಂದ ಮೇಲೆ ಮಾಡುತ್ತಾಳೆ, ನಾನು ಮುಟ್ಟುವುದಿಲ್ಲ ಎಂದು ಇವರು ಹಟ ಹಿಡಿದರಂತೆ. ಸಂಜೆಯವರೆಗೆ ಕಾದು, ಕೊನೆಗೆ ತಾವೇ ಕೈ ಹಾಕಿದರು.

"ಅವತ್ತಿನಿಂದ ಒಂದು ದಿನ ನನ್ನದು ಮಾಡುತ್ತೇನೆ, ಒಂದು ದಿನ ಅವಳದು ಮಾಡುತ್ತೇನೆ," ಅಂದರು. "ಲೆಕ್ಕ ತಪ್ಪಿಲ್ಲ. ಇವತ್ತು ಅಕ್ಕನ ಸರದಿ."

ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ಪೂರ್ತಿ ಹೇಳಿದೆ. ಅಜ್ಜಿ ಭರಣಿಯ ಮುಚ್ಚಳ ತೆಗೆದರು, ಅಮ್ಮನ ಬಲಗೈ ಹಿಡಿದರು, ಬಳೆಗಳನ್ನು ಒಂದೊಂದಾಗಿ ಮೇಲೆ ಸರಿಸಿದರು. ಅಮ್ಮ ಎಳೆದುಕೊಳ್ಳಲಿಲ್ಲ. ಅರವತ್ತೆಂಟು ವರ್ಷದಲ್ಲಿ ಯಾವ ಉಪ್ಪಿನಕಾಯಿ ಭರಣಿಗೂ ಇಳಿಯದ ಆ ಬರಿಗೈ ಮೊಣಕೈವರೆಗೂ ಒಳಗೆ ಹೋಯಿತು. ಮುಖ ಹರಳೆಣ್ಣೆ ಕುಡಿದವಳ ಹಾಗಾಗಿತ್ತು, ಕಣ್ಣಲ್ಲಿ ನೀರಿತ್ತು, ಅದು ಸಾಸಿವೆಯ ಘಾಟು ಎಂದು ಆಮೇಲೆ ಹೇಳಿದಳು. ಬುಡದಿಂದ ಮೇಲಕ್ಕೆ, ಬುಡದಿಂದ ಮೇಲಕ್ಕೆ. ಅಜ್ಜಿ ಎಣಿಸುತ್ತಿದ್ದರು. ಆರು ಹೊಡೆದದ್ದು ಯಾರಿಗೂ ಗೊತ್ತಾಗಲಿಲ್ಲ, ಅಧಿಕಾರಿಯೇ ಬಂದು ಗ್ರಹ ಸರಿಯಿತೆಂದು ತಿಳಿಸಿದರು.

ಮರುದಿನ ಬೆಳಗ್ಗೆ ಏಳಕ್ಕೆ ಬಾಗಿಲು ಬಡಿದ ಸದ್ದು. ಅಜ್ಜಿ ಒಂದು ತಟ್ಟೆ ಹಿಡಿದು ನಿಂತಿದ್ದರು. ತಟ್ಟೆಯಲ್ಲಿ ಮೂಲಂಗಿಯ ಹೋಳು, ಅಂಚಿನಲ್ಲಿ ಸ್ವಲ್ಪ ಹಳದಿ. ಭರಣಿ ಗುಳ್ಳೆ ಬಿಡುತ್ತಿದೆ, ಬದುಕಿದೆ, ಅಂದರು. ಅಮ್ಮ ತಿಂದಳು. ಇಂಗು ಘಮಘಮ ಅನ್ನುತ್ತಿತ್ತು. ಮೊದಲ ಸಲ ಖಾರದ ಬಗ್ಗೆ ದೂರು ಹೇಳಲಿಲ್ಲ.

ಅಮ್ಮ ಮೈಸೂರಿಗೆ ಹೋಗುವವರೆಗೆ ಅಕ್ಕನ ಸರದಿಯ ದಿನಗಳೆಲ್ಲ ಅವಳವಾದವು. ಹೋಗುವ ಹಿಂದಿನ ದಿನ ಅದನ್ನು ನನ್ನ ಕೈಗೆ ಒಪ್ಪಿಸಿ ಹೋದಳು, ನನ್ನನ್ನು ಕೇಳಲಿಲ್ಲ. ಮೆಟ್ಟಿಲಿನ ಯಜಮಾನಿಕೆ ಮಾರ್ಚ್‌ಗೆ ಮುಗಿದು ಮೂರನೆಯ ಮಹಡಿಯವರಿಗೆ ಹೋಯಿತು, ಇದು ಹೋಗಲಿಲ್ಲ. ದಿನ ಬಿಟ್ಟು ದಿನ ಎದುರು ಮನೆಗೆ ಹೋಗಿ ಮೊಣಕೈವರೆಗೆ ತೋಳು ಇಳಿಸುತ್ತೇನೆ. ವಿಡಿಯೋ ಕಾಲ್‌ನಲ್ಲಿ ಅಮ್ಮ ಇವತ್ತು ಯಾರ ಸರದಿ ಎಂದು ಕೇಳುತ್ತಾಳೆ, ಕೈ ಒರೆಸಿಕೊಂಡೆಯಾ ಎಂದೂ ಕೇಳುತ್ತಾಳೆ. ಇಂಗಿನ ವಾಸನೆ ಆ ಭರಣಿಯಿಂದ ಇನ್ನೂ ಹೋಗಿಲ್ಲ. ಬೆಳಗಿನ ರೈಲಿನಲ್ಲಿ ನಾನು ಕಂಬಿ ಹಿಡಿದರೆ ಪಕ್ಕದವರು ನಯವಾಗಿ ಮುಖ ತಿರುಗಿಸುತ್ತಾರೆ.

ಮೊನ್ನೆ ಆಫೀಸಿನಲ್ಲಿ ಏನೋ ಕೆಟ್ಟು, ಸರಿಮಾಡುವ ಗಲಾಟೆಯಲ್ಲಿ ನನ್ನ ದಿನ ಎಂಬುದೇ ಮರೆತುಹೋಯಿತು. ನೆನಪಾದಾಗ ರೈಲಿನಲ್ಲಿದ್ದೆ. ಹೇಗೂ ಅಜ್ಜಿ ಮಾಡಿರುತ್ತಾರೆ, ಎಂಬತ್ತು ವರ್ಷ ಎರಡೂ ಸರದಿ ಮಾಡಿದವರಲ್ಲವೇ ಎಂದು ಸಮಾಧಾನ ಮಾಡಿಕೊಂಡರೂ ನಿಲ್ದಾಣದಿಂದ ಓಡಿದೆ. ಅವರ ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಅಜ್ಜಿ ಭರಣಿಯ ಪಕ್ಕ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಮುಚ್ಚಳ ತೆಗೆದಿಟ್ಟಿತ್ತು. ತೌಡು ಬೆಳಗಿನಿಂದ ಯಾರೂ ಮುಟ್ಟದೆ ಸಮತಟ್ಟಾಗಿತ್ತು.

ಕ್ಷಮಿಸಿ, ನೀವೇ ಮಾಡಬಹುದಿತ್ತಲ್ಲ, ಅಂದೆ.

"ಇವತ್ತು ನನ್ನ ಸರದಿಯಲ್ಲ," ಅಂದರು ಅಜ್ಜಿ.

ಚೀಲ ಕೆಳಗಿಟ್ಟು, ಕೈ ತೊಳೆದು, ಒರೆಸಿಕೊಂಡು ಬಂದೆ.